ಖಾಲಿ ಡಬ್ಬಿ: ಯಾವುದು ಹಿತ್ತಲಿಗೆ, ಯಾವುದು ಬೇಡ

(ಸಂಘದ ರಜತ ಮಹೋತ್ಸವದ ಅಂಗವಾಗಿ ಘೋಣಸಗಿಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರದ ಮಹತ್ವವನ್ನು ಕುರಿತು ನಮಗಿಂತ ಮೊದಲು ಮಾತಾಡಿದ ಹಿರಿಯರು ಬಹಳ ಚೆನ್ನಾಗಿ ಹೇಳಿದ್ದಾರೆ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪ ಇಂದು ಹಳ್ಳಿ ಹಳ್ಳಿಯಲ್ಲಿ ಉರಿಯುತ್ತಿದೆ ಎಂಬುದನ್ನು ನಾವು ಮತ್ತೆ ಹೇಳಬೇಕಾಗಿಲ್ಲ. ನಾವು ಆರಿಸಿಕೊಂಡ ವಿಷಯ ಬಹಳ ಸಣ್ಣದು. ಖಾಲಿ ಡಬ್ಬಿ! 'ಇಷ್ಟು ದೊಡ್ಡ ಸಮಾರಂಭದಾಗ ಖಾಲಿ ಡಬ್ಬಿ ಬಡಿಯಾಕ ಬಂದಾರಲ್ಲ' ಎಂದು ಯಾರಾದರೂ ನಕ್ಕರೆ ನಗಲಿ, ಅಡ್ಡಿಯಿಲ್ಲ. ಆದರೆ ಪೂರ್ತಿ ಕೇಳಿ ಆಮೇಲೆ ನಗಬೇಕೆಂದು ವಿನಂತಿ.

ನಮ್ಮ ಕಡೆ ಯಾವ ವಸ್ತುವನ್ನೂ ಸುಮ್ಮನೆ ಒಗೆಯುವ ರೂಢಿ ಇಲ್ಲ. ಹರಿದ ಸೀರೆ ಕೌದಿಯಾಗುತ್ತದೆ. ಒಡೆದ ಕೊಡದ ತಳ ಕೋಳಿಗೆ ನೀರಿಡಲು ಬರುತ್ತದೆ. ಡಬ್ಬಿಯ ಕಥೆಯೂ ಹಾಗೆಯೇ. ಚಿಮಣಿ ಎಣ್ಣೆ ಬರುತ್ತಿದ್ದ ತಗಡಿನ ಡಬ್ಬಿಗೆ ಮೇಲೆ ಒಂದು ಕಟ್ಟಿಗೆಯ ಹಿಡಿಕೆ ಬಡಿದು ನೀರು ಹೊತ್ತ ಮನೆಗಳೆಷ್ಟೋ. ಅದನ್ನೇ ಬಿಚ್ಚಿ ಹಾಸಿ ದನದ ಕೊಟ್ಟಿಗೆಯ ಸಂದಿ ಮುಚ್ಚಿದವರೆಷ್ಟೋ. ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಡಬ್ಬಿ ಬಡಿದು ಹಕ್ಕಿ ಹಾರಿಸಿದ ಹಿರಿಯರು ಈ ಸಭೆಯಲ್ಲೇ ಕುಳಿತಿದ್ದಾರೆ. 1937ರಲ್ಲಿ ಡಾಲ್ಡಾ ಪೇಟೆಗೆ ಬಂತು. ಅದರ ಡಬ್ಬಿ ಖಾಲಿಯಾದ ಮೇಲೆ ಎಷ್ಟು ಮನೆಯಲ್ಲಿ ತುಳಸಿ ಗಿಡಕ್ಕೆ ಮನೆಯಾಯಿತೋ ಲೆಕ್ಕವಿಲ್ಲ. ಆದ್ದರಿಂದ ಖಾಲಿ ಡಬ್ಬಿಯಲ್ಲಿ ಗಿಡ ಬೆಳೆಸುವುದು ಹೊಸ ವಿದ್ಯೆ ಅಲ್ಲ. ನಮ್ಮ ಅವ್ವಂದಿರ ವಿದ್ಯೆ. ಅದನ್ನು ಈಗ ಯಾಕೆ ನೆನಪಿಸಬೇಕು ಅಂದರೆ, ಅದಕ್ಕೆ ಎರಡು ಕಾರಣ ಇವೆ. ಒಂದು ಲಾಭದ್ದು, ಇನ್ನೊಂದು ಭಯದ್ದು. ಮೊದಲು ಲಾಭದ ಮಾತು ಹೇಳುತ್ತೇವೆ.

ನಮ್ಮ ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈ ಕೊಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಬಂತು, ಸಂತೋಷ. ತಿಕೋಟಾ ಭಾಗದ ದ್ರಾಕ್ಷಿ, ಒಣದ್ರಾಕ್ಷಿ ದೂರದ ಪೇಟೆಗೆ ಹೋಗುತ್ತವೆ, ಅದೂ ಸಂತೋಷ. ಆದರೆ ಲಕ್ಷ ರೂಪಾಯಿಯ ದ್ರಾಕ್ಷಿ ಬೆಳೆದ ರೈತನ ಮನೆಗೆ ಎರಡು ಕಟ್ಟು ಮೆಂತೆ ಪಲ್ಯ, ಒಂದು ಹಿಡಿ ಕೊತಂಬರಿ ಸಂತೆಯಿಂದ ಬರುತ್ತದೆ! ದ್ರಾಕ್ಷಿಯ ರೊಕ್ಕ ವರ್ಷಕ್ಕೊಮ್ಮೆ ಕೈಗೆ ಬಂದರೆ ಪಲ್ಯದ ಖರ್ಚು ದಿನಾ ಬರುತ್ತದೆ. ಹೊಲ ಇಲ್ಲದವರ ಮಾತಂತೂ ಹೇಳುವುದೇ ಬೇಡ.

ಹಿತ್ತಲಲ್ಲಿ ಮಡಿ ಮಾಡಿ ನೀರು ಬಿಟ್ಟರೆ ಅರ್ಧ ನೀರು ಎರಿ ಮಣ್ಣಿನ ಬಿರುಕಿನಲ್ಲಿ ಇಳಿದುಹೋಗುತ್ತದೆ. ಅದೇ ಡಬ್ಬಿಯಲ್ಲಿ ಬೆಳೆದರೆ ಹಾಕಿದ ನೀರು ಗಿಡದ ಬೇರಿನ ಹತ್ತಿರವೇ ಇರುತ್ತದೆ. ಜಾಗ ಕಡಿಮೆ ಸಾಕು, ಕಳೆ ಕಡಿಮೆ, ಕೋಳಿ ಕೆದರುವ ಕಾಟ ಕಡಿಮೆ. ಮುಸುರಿ ನೀರು, ಕಾಯಿಪಲ್ಯ ತೊಳೆದ ನೀರು ಇಷ್ಟೇ ಸಾಕು, ಆರು ಡಬ್ಬಿ ಗಿಡ ಬದುಕುತ್ತವೆ.

ಹೇಗೆ ಮಾಡಬೇಕು? ಕಿರಾಣಿ ಅಂಗಡಿಯಲ್ಲಿ, ಖಾನಾವಳಿಯಲ್ಲಿ, ಮದುವೆ ಮನೆಯಲ್ಲಿ 15 ಕಿಲೋದ ಅಡುಗೆ ಎಣ್ಣೆಯ ತಗಡಿನ ಡಬ್ಬಿ ಖಾಲಿಯಾಗಿ ಬಿದ್ದಿರುತ್ತದೆ. ಅದರ ಮೇಲಿನ ಮುಖ ಪೂರ್ತಿ ಕತ್ತರಿಸಿ ತೆಗೆಯಬೇಕು. ಕತ್ತರಿಸಿದ ಅಂಚು ಚಾಕುವಿನಂತೆ ಇರುತ್ತದೆ. ಸುತ್ತಿಗೆಯಿಂದ ಒಳಗೆ ಮಡಚಿ ಬಡಿಯಬೇಕು, ಇಲ್ಲದಿದ್ದರೆ ಮಕ್ಕಳ ಕೈ ಕೊಯ್ಯುತ್ತದೆ. ಒಳಗಿನ ಜಿಡ್ಡನ್ನು ಬಿಸಿ ನೀರು ಮತ್ತು ಬೂದಿಯಿಂದ ತಿಕ್ಕಿ ತೆಗೆಯಬೇಕು. ಜಿಡ್ಡು ಉಳಿದರೆ ಇರುವೆ ಮುತ್ತುತ್ತವೆ, ಮಣ್ಣು ನೀರು ಹಿಡಿಯುವುದಿಲ್ಲ. ತಳಕ್ಕೆ ದೊಡ್ಡ ಮೊಳೆಯಿಂದ ಆರೇಳು ತೂತು ಹಾಕಬೇಕು. ಬದಿಗೂ ತಳದಿಂದ ಒಂದು ಬೆರಳು ಮೇಲೆ ನಾಲ್ಕು ತೂತು ಇರಲಿ. ಡಬ್ಬಿಯನ್ನು ನೇರ ನೆಲದ ಮೇಲೆ ಇಟ್ಟರೆ ತಳದ ತೂತು ಮಣ್ಣಿನಿಂದ ಮುಚ್ಚಿಕೊಳ್ಳುತ್ತವೆ, ಆದ್ದರಿಂದ ಎರಡು ಇಟ್ಟಂಗಿಯ ಮೇಲೆ ಇಡಬೇಕು.

ತಳಕ್ಕೆ ಇಟ್ಟಂಗಿ ಚೂರು ಹಾಕಿ ಮೇಲೆ ಮಣ್ಣು ತುಂಬಬೇಕು. ಬರೀ ಎರಿ ಮಣ್ಣು ತುಂಬಿದರೆ ಒಣಗಿದಾಗ ಕಲ್ಲಾಗುತ್ತದೆ, ನೆನೆದಾಗ ಕೆಸರಾಗುತ್ತದೆ. ಒಂದು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಉಸುಕು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಸೇರಿಸಿದರೆ ಸರಿ. ಹಸಿ ಸಗಣಿ ಹಾಕಬಾರದು, ಅದರ ಕಾವಿಗೆ ಬೇರು ಸುಡುತ್ತವೆ. ಡಬ್ಬಿಯ ಬಾಯಿಯಿಂದ ಎರಡು ಬೆರಳು ಬಿಟ್ಟು ಮಣ್ಣು ತುಂಬಿದರೆ ನೀರು ಹಾಕಿದಾಗ ಹೊರಗೆ ಚೆಲ್ಲುವುದಿಲ್ಲ.

ತಗಡಿಗೆ ಒಂದು ದೋಷ ಇದೆ. ಬಿಸಿಲಿಗೆ ಹಂಚಿನಂತೆ ಕಾಯುತ್ತದೆ. ಅದಕ್ಕೆ ಹೊರಗಿನಿಂದ ಸುಣ್ಣ ಬಳಿಯಬೇಕು, ಅಥವಾ ಹಳೆಯ ಗೋಣಿಚೀಲ ಸುತ್ತಿ ನೀರು ಚಿಮುಕಿಸಬೇಕು. ಬೇಸಿಗೆಯಲ್ಲಿ ಮನೆಯ ಮೂಡಣ ಬದಿಗೆ ಇಟ್ಟರೆ ಮುಂಜಾನೆಯ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಉರಿ ತಪ್ಪುತ್ತದೆ. ತಗಡಿಗೆ ಬಳಿದ ತವರದ ಲೇಪ ಸವೆದ ಮೇಲೆ ತುಕ್ಕು ಹಿಡಿಯುತ್ತದೆ. ಎರಡು-ಮೂರು ವರ್ಷ ಬಾಳಿದರೆ ಸಾಕು, ಆಮೇಲೆ ಮೋಡಕಾ ಸಾಮಾನಿನವರಿಗೆ ಹಾಕಬಹುದು.

ಇಂಥ ದೊಡ್ಡ ಡಬ್ಬಿಯಲ್ಲಿ ಒಂದು ಬದನೆ ಗಿಡ, ಒಂದು ಟೊಮ್ಯಾಟೊ, ಇಲ್ಲವೆ ಎರಡು ಮೆಣಸಿನ ಗಿಡ ಹಾಯಾಗಿ ಬೆಳೆಯುತ್ತವೆ. ಹೀರೆ, ಹಾಗಲ ಹಚ್ಚಿ ಛಪ್ಪರಕ್ಕೆ ಬಿಡಬಹುದು. ಡಬ್ಬಿಯನ್ನು ಅಡ್ಡ ಮಲಗಿಸಿ ಒಂದು ಬದಿ ಕತ್ತರಿಸಿದರೆ ಮೆಂತೆ, ಕೊತಂಬರಿ, ಸಬ್ಬಸಗಿ, ರಾಜಗಿರಿ ಪಲ್ಯಕ್ಕೆ ಪುಟ್ಟ ಮಡಿ ಸಿದ್ಧ. ಹಾಲಿನ ಪುಡಿಯ ಸಣ್ಣ ಡಬ್ಬಿಯ ಎರಡೂ ಮುಖ ತೆಗೆದು ಬಳೆಯಂತೆ ಮಾಡಿ ಎಳೆ ಸಸಿಯ ಸುತ್ತ ಅರ್ಧ ಮಣ್ಣಲ್ಲಿ ಹೂಳಿದರೆ ರಾತ್ರಿ ಬಂದು ಕಾಂಡ ಕತ್ತರಿಸುವ ಹುಳದ ಕಾಟ ತಪ್ಪುತ್ತದೆ. ಊರಿಗೆ ಹೋಗಬೇಕಾಗಿ ಬಂದರೆ ಇನ್ನೊಂದು ಉಪಾಯ. ಒಂದು ಡಬ್ಬಿಯ ತಳದ ಮೂಲೆಗೆ ಸಣ್ಣ ತೂತು ಹಾಕಿ, ಅದರಲ್ಲಿ ಹತ್ತಿಯ ಬತ್ತಿ ತುರುಕಿ, ನೀರು ತುಂಬಿ ಗಿಡದ ಬುಡಕ್ಕೆ ಇಟ್ಟರೆ ಹನಿ ಹನಿಯಾಗಿ ನೀರು ಇಳಿಯುತ್ತದೆ. ದ್ರಾಕ್ಷಿ ತೋಟದ ಡ್ರಿಪ್ಪಿನ ತಮ್ಮ ಅನ್ನಿರಿ!

ಇಲ್ಲಿಗೆ ಲಾಭದ ಮಾತು ಮುಗಿಯಿತು. ಈಗ ಭಯದ ಮಾತು. ಇದನ್ನು ಹೇಳುವುದಕ್ಕಾಗಿಯೇ ನಾವು ಈ ವಿಷಯ ತೆಗೆದುಕೊಂಡದ್ದು.

ನಮ್ಮ ಕಡೆಯ ಭಾಷೆಯಲ್ಲಿ ಒಂದು ವಿಚಿತ್ರ ಇದೆ. ಒಗ್ಗರಣೆಗೆ ಹಾಕುವುದೂ 'ಎಣ್ಣಿ', ಬೆಳೆಗೆ ಹೊಡೆಯುವುದೂ 'ಎಣ್ಣಿ'. 'ಎಣ್ಣಿ ತಗೊಂಡು ಬಾ' ಅಂದರೆ ಅಂಗಡಿಯಿಂದ ಕುಸುಬಿ ಎಣ್ಣೆ. 'ಎಣ್ಣಿ ಹೊಡೀಬೇಕು' ಅಂದರೆ ಕೀಟನಾಶಕ. ಒಣದ್ರಾಕ್ಷಿ ಮಾಡುವಾಗ ಗೊನೆ ಅದ್ದುವ ದ್ರಾವಣಕ್ಕೆ ಹಾಕುವುದೂ 'ಡಿಪ್ಪಿಂಗ್ ಆಯಿಲ್', ಅಂದರೆ ಅದೂ ಎಣ್ಣಿಯೇ! ಇನ್ನು ಸ್ವಲ್ಪ ಮರ್ಯಾದೆಯಿಂದ ಹೇಳುವವರು 'ಔಷಧ' ಅನ್ನುತ್ತಾರೆ. ಕೂಸಿಗೆ ಕುಡಿಸುವುದೂ ಔಷಧ, ಹುಳ ಕೊಲ್ಲುವುದೂ ಔಷಧ. ಹೆಸರು ಒಂದೇ ಆದ ಮೇಲೆ ಮನಸ್ಸಿನಲ್ಲಿ ಡಬ್ಬಿಯೂ ಒಂದೇ ಆಗಿಬಿಡುತ್ತದೆ. 'ಎಣ್ಣಿ ಡಬ್ಬಿ ತೊಳದಿಟ್ಟೀನಿ' ಅಂದರೆ ಯಾವ ಎಣ್ಣಿ ಡಬ್ಬಿ? ಅಲ್ಲೇ ಅಪಾಯ ಇರುವುದು.

ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಅಕ್ಟೋಬರಿನ ಚಾಟ್ನಿ ಆದ ಮೇಲೆ ಡೌನಿ ರೋಗಕ್ಕೆ, ಬೂದಿ ರೋಗಕ್ಕೆ, ಹುಳಕ್ಕೆ ಎಂದು ಮೇಲಿಂದ ಮೇಲೆ ಹೊಡೆಯುವುದು ನಡೆದೇ ಇರುತ್ತದೆ. ಒಂದೊಂದು ತೋಟದಲ್ಲಿ ಎಷ್ಟು ಖಾಲಿ ಡಬ್ಬಿ ಬೀಳುತ್ತವೆ ಎಂಬುದನ್ನು ತೋಟದವರೇ ಎಣಿಸಿ ನೋಡಬೇಕು. ಅವು ಚೆಂದ ಇರುತ್ತವೆ. ಗಟ್ಟಿ ಪ್ಲಾಸ್ಟಿಕ್ಕು, ಗಟ್ಟಿ ಮುಚ್ಚಳ, ಹಿಡಿಯಲು ಕಿವಿ. ನೋಡಿದರೆ ಒಗೆಯಲು ಮನಸ್ಸು ಬರುವುದಿಲ್ಲ. ಆಳುಗಳು ಕುಡಿಯುವ ನೀರಿಗೆ, ಹೊಲಕ್ಕೆ ಮಜ್ಜಿಗೆ ಒಯ್ಯಲು, ಬೀಜ ಇಡಲು, ಅರ್ಧ ಕತ್ತರಿಸಿ ಸಸಿ ಹಚ್ಚಲು... ಹೀಗೆ ಮನಸ್ಸು ಹರಿಯುತ್ತದೆ. ಒಗೆಯಬಾರದು ಎಂಬ ನಮ್ಮ ಒಳ್ಳೆಯ ಗುಣವೇ ಇಲ್ಲಿ ನಮಗೆ ಮುಳುವಾಗುತ್ತದೆ.

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಪ್ರಾಣ ಬಿಟ್ಟರು. ನಮ್ಮ ಶಾಲೆಯಲ್ಲಿ ಬಿಸಿಯೂಟ ಇದ್ದ ಹಾಗೆಯೇ ಅಲ್ಲಿಯೂ. ಪರೀಕ್ಷೆ ಮಾಡಿದಾಗ ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಕೀಟನಾಶಕ ಇಟ್ಟಿದ್ದ ಡಬ್ಬಿಯಲ್ಲಿ ಅಡುಗೆ ಎಣ್ಣೆ ತುಂಬಿಟ್ಟಿದ್ದರೆಂದು ಅಧಿಕಾರಿಗಳು ಆಗ ಹೇಳಿದ್ದರು. ಇದೇ ಮೊನೊಕ್ರೋಟೊಫಾಸನ್ನು ತರಕಾರಿಗೆ ಹೊಡೆಯಬಾರದೆಂದು 2005ರಲ್ಲೇ ನಮ್ಮ ದೇಶದಲ್ಲಿ ನಿಷೇಧಿಸಲಾಗಿತ್ತು. ಬದನೆಕಾಯಿಗೆ ಬೇಡವಾದ ವಿಷ ಡಬ್ಬಿಯ ದಾರಿಯಿಂದ ಕೂಸುಗಳ ತಾಟಿಗೆ ಬಂತು. ತಾಯಂದಿರೇ, ಇಪ್ಪತ್ಮೂರು ಮಕ್ಕಳೆಂದರೆ ಒಂದು ತರಗತಿಯೇ ಖಾಲಿ.

'ನಾವು ಕುಡಿಯಾಕ ಎಲ್ಲಿ ಬಳಸತೀವ್ರಿ, ಬರೀ ಗಿಡ ಹಚ್ಚತೀವಿ' ಎಂದು ಕೆಲವರು ಹೇಳಬಹುದು. ಗಿಡಕ್ಕೂ ಬೇಡ ಎಂದೇ ನಾವು ಹೇಳುತ್ತೇವೆ. ಯಾಕೆಂದರೆ ತೋಟಗಾರರಾದ ನಿಮಗೆ ಗೊತ್ತಿರುವ ಮಾತೇ ಇದೆ. ಕೆಲವು ಔಷಧಗಳನ್ನು ಬಳ್ಳಿಯ ಬುಡಕ್ಕೆ ಹಾಕಿದರೆ ಎಲೆಯ ಮೇಲಿನ ಹುಳ ಸಾಯುತ್ತದೆ. ಅಂದರೆ ಬೇರು ವಿಷವನ್ನು ಹೀರಿ ಎಲೆಗೆ ಒಯ್ಯುತ್ತದೆ. ದ್ರಾಕ್ಷಿಯ ಬೇರು ಹೀರಿದರೆ ಪಾಲಕಿನ ಬೇರು ಹೀರುವುದಿಲ್ಲವೇ? ದ್ರಾಕ್ಷಿಗೆ ಕೊಯ್ಲಿಗೆ ಇಷ್ಟು ದಿನ ಮೊದಲು ಹೊಡೆಯುವುದು ನಿಲ್ಲಿಸಬೇಕೆಂದು ಲೆಕ್ಕ ಇದೆ. ಡಬ್ಬಿಯಲ್ಲಿ ಬೆಳೆದ ಮೆಂತೆ ಪಲ್ಯಕ್ಕೆ ಯಾರು ಲೆಕ್ಕ ಹಾಕುತ್ತಾರೆ?

ಕಳೆನಾಶಕದ ಡಬ್ಬಿಯಂತೂ ಗಿಡಕ್ಕೇ ಶತ್ರು. 2,4-ಡಿ ಎಂಬ ಕಳೆನಾಶಕದ ಗಾಳಿ ತಾಗಿದರೂ ದ್ರಾಕ್ಷಿ, ಹತ್ತಿ, ಟೊಮ್ಯಾಟೊ ಎಲೆ ಮುದುಡಿ ದಾರದಂತಾಗುತ್ತವೆ. ಬಾಜೂ ಹೊಲದವರು ಹೊಡೆದದ್ದಕ್ಕೆ ನಮ್ಮ ಬಳ್ಳಿ ಕೆಟ್ಟಿತು ಎಂದು ಜಗಳಾಡುವ ನಾವು, ಅದೇ ಡಬ್ಬಿಯಲ್ಲಿ ಟೊಮ್ಯಾಟೊ ಸಸಿ ಹಚ್ಚಿ 'ಯಾಕೋ ಏಳವಲ್ಲದು' ಎಂದರೆ ಹೇಗೆ?

ಇನ್ನೊಂದು ಮಾತು ವಿಚಾರ ಮಾಡಿರಿ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್, ಅಂದರೆ ತೋಟಗಾರರು ಸಿ.ಸಿ.ಸಿ. ಎನ್ನುವ ಔಷಧದ ಅಂಶ ಹೆಚ್ಚಿದೆ ಎಂದು ಯೂರೋಪಿನವರು ಮಾಲು ಒಲ್ಲೆ ಎಂದರು. ಅಲ್ಲಿಂದ ಮುಂದೆ ಹೊರದೇಶಕ್ಕೆ ಹೋಗುವ ದ್ರಾಕ್ಷಿಯ ಪರೀಕ್ಷೆ ಬಹಳ ಬಿಗಿಯಾಯಿತು. ಪರದೇಶದವರು ತಾವು ತಿನ್ನುವ ಹಣ್ಣನ್ನು ಅಷ್ಟು ಪರೀಕ್ಷೆ ಮಾಡಿ ತಿನ್ನುತ್ತಾರೆ. ನಮ್ಮ ಮಕ್ಕಳು ತಿನ್ನುವ ಹಿತ್ತಲಿನ ಕೊತಂಬರಿಗೆ ಪ್ರಯೋಗಾಲಯ ಎಲ್ಲಿದೆ? ಅವ್ವನ ಕಣ್ಣೇ ಪ್ರಯೋಗಾಲಯ. ಆ ಕಣ್ಣಿಗೆ ಯಾವ ಡಬ್ಬಿ ಎಂಥದ್ದು ಎಂಬುದು ಗೊತ್ತಿರಬೇಕು.

'ತೊಳೆದರೆ ಹೋಗೂದಿಲ್ಲೇನ್ರಿ?' ಎಂದು ಕೇಳುತ್ತೀರಿ. ತೊಳೆಯಲೇಬೇಕು, ಆದರೆ ಮತ್ತೆ ಬಳಸುವುದಕ್ಕಲ್ಲ. ಔಷಧ ಪಂಪಿಗೆ ಸುರಿದ ಕೂಡಲೇ ಡಬ್ಬಿಗೆ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಚೆನ್ನಾಗಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿಯಬೇಕು. ಹೀಗೆ ಮೂರು ಸಲ. ಇದರಿಂದ ಡಬ್ಬಿಯಲ್ಲಿ ಉಳಿದ ಔಷಧ ಬೆಳೆಗೇ ಹೋಗುತ್ತದೆ, ಕೊಟ್ಟ ರೊಕ್ಕ ವ್ಯರ್ಥವಾಗುವುದಿಲ್ಲ, ಹಳ್ಳಕ್ಕೂ ಬಾವಿಗೂ ವಿಷ ಸೇರುವುದಿಲ್ಲ. ಆದರೆ ತಿಂಗಳುಗಟ್ಟಲೆ ಔಷಧ ತುಂಬಿದ್ದ ಪ್ಲಾಸ್ಟಿಕ್ಕು ಅದನ್ನು ತನ್ನ ಮೈಯೊಳಗೆ ಹೀರಿಕೊಂಡಿರುತ್ತದೆ. ಉಪ್ಪಿನಕಾಯಿ ಇಟ್ಟ ಪ್ಲಾಸ್ಟಿಕ್ ಡಬ್ಬಿ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ, ನೋಡಿಲ್ಲವೇ? ಅದೇ ರೀತಿ. ಒಳಗೆ ಕುಳಿತದ್ದು ಮುಂದೆ ನೀರಿಗೋ ಮಣ್ಣಿಗೋ ನಿಧಾನಕ್ಕೆ ಬಿಡುತ್ತಲೇ ಇರುತ್ತದೆ. ವಾಸನೆ ಹೋದದ್ದಕ್ಕೆ ವಿಷವೂ ಹೋಯಿತು ಎಂದು ತಿಳಿಯಬಾರದು.

ಮೂರು ಸಲ ತೊಳೆದ ಮೇಲೆ ಡಬ್ಬಿಗೆ ತೂತು ಹಾಕಬೇಕೆಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಯಾರೂ ನೀರು ತುಂಬಬಾರದು ಎಂಬುದು ಅದರ ಉದ್ದೇಶ. ಆದರೆ ತಳಕ್ಕೆ ತೂತು ಬಿದ್ದ ಡಬ್ಬಿ ಗಿಡ ಹಚ್ಚುವವರ ಕಣ್ಣಿಗೆ ಸಿದ್ಧ ಕುಂಡದ ಹಾಗೆ ಕಾಣುತ್ತದೆ! ಆದ್ದರಿಂದ ಬರೀ ತೂತು ಸಾಲದು. ಉದ್ದಕ್ಕೆ ಸೀಳಿ, ತುಳಿದು ಚಪ್ಪಟೆ ಮಾಡಬೇಕು. ಕೈಗೆ ಚೀಲವೋ ಕೈಗವಸೋ ಇರಲಿ. ಸುಡಬಾರದು, ಆ ಹೊಗೆಯೂ ವಿಷ.

ಓದು ಬಾರದವರು ಹೇಗೆ ಗುರುತಿಸಬೇಕು? ಸರಕಾರದ ನಿಯಮದಂತೆ ಪ್ರತಿ ಕೀಟನಾಶಕದ ಚೀಟಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕ ಇರುತ್ತದೆ. ಅದರ ಕೆಳ ಅರ್ಧಕ್ಕೆ ಬಣ್ಣ. ಕೆಂಪು ಇದ್ದರೆ ಅತಿ ಘೋರ ವಿಷ, ಹಳದಿ ಇದ್ದರೆ ಹೆಚ್ಚಿನ ವಿಷ, ನೀಲಿ ಇದ್ದರೆ ಮಧ್ಯಮ, ಹಸಿರು ಇದ್ದರೆ ಕಡಿಮೆ ವಿಷ. 'ಹಸಿರು ಐತಿ, ನಡೀತದ' ಎಂದು ಅನ್ನಬಾರದು. ಹಸಿರು ಅಂದರೆ ಕಡಿಮೆ ವಿಷ ಎಂದೇ ಹೊರತು ವಿಷ ಇಲ್ಲ ಎಂದಲ್ಲ. ಯಾವ ಬಣ್ಣದ ಚೌಕ ಇದ್ದರೂ ಆ ಡಬ್ಬಿ ಮನೆಯ ಹೊಸ್ತಿಲು ದಾಟಬಾರದು. ಇಷ್ಟೇ ಪಾಠ.

ಹಾಗಾದರೆ ಮೂರು ಗುಂಪು ಮಾಡಿಕೊಳ್ಳೋಣ. ಮೊದಲನೆಯದು, ಮನುಷ್ಯರು ತಿನ್ನುವ ಪದಾರ್ಥ ಇದ್ದ ಡಬ್ಬಿ: ಅಡುಗೆ ಎಣ್ಣೆ, ತುಪ್ಪ, ಹಾಲಿನ ಪುಡಿ, ಬಿಸ್ಕೀಟು. ಇವು ಹಿತ್ತಲಿಗೆ ಬರಲಿ. ಎರಡನೆಯದು, ಬಣ್ಣದ ಡಬ್ಬಿ, ಇಂಜಿನ್ ಆಯಿಲ್ ಡಬ್ಬಿ, ಬ್ಯಾಟರಿ ಆಸಿಡ್ ಕ್ಯಾನು. ಇವು ತಿನ್ನುವ ಗಿಡಕ್ಕೆ ಬೇಡ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸದ ಅಂಶಕ್ಕೆ ಕಟ್ಟುನಿಟ್ಟಿನ ಮಿತಿ ಬಂದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಡಬ್ಬಿಗಳು ಎಷ್ಟೋ ಮನೆಯ ಅಟ್ಟದಲ್ಲಿವೆ. ಸೀಸ ಮಕ್ಕಳ ಮೆದುಳಿಗೆ ಕೆಡಕು. ಮೂರನೆಯದು, ಕೀಟನಾಶಕ, ರೋಗನಾಶಕ, ಕಳೆನಾಶಕ, ಡಿಪ್ಪಿಂಗ್ ಆಯಿಲ್. ಇವು ಹಿತ್ತಲಿಗೂ ಬೇಡ, ಮನೆಗೂ ಬೇಡ, ಮೋಡಕಾದವರಿಗೂ ಬೇಡ.

ಇಷ್ಟಾಗಿಯೂ ಏನಾದರೂ ಅನಾಹುತ ಆದರೆ, ಮೈಮೇಲೆ ಚೆಲ್ಲಿದ ಬಟ್ಟೆ ತೆಗೆದು ಸಾಬೂನಿನಿಂದ ತೊಳೆದು, 108ಕ್ಕೆ ಫೋನು ಮಾಡಿ, ಡಬ್ಬಿಯ ಚೀಟಿಯನ್ನು ಜೊತೆಗೇ ದವಾಖಾನೆಗೆ ಒಯ್ಯಬೇಕು. ಯಾವ ವಿಷಕ್ಕೆ ಯಾವ ಮದ್ದು ಎಂಬುದು ಆ ಚೀಟಿಯಲ್ಲಿ ಬರೆದಿರುತ್ತದೆ. ಎಚ್ಚರ ತಪ್ಪಿದವರಿಗೆ ಬಾಯಿಂದ ಏನನ್ನೂ ಕುಡಿಸಬಾರದು.

'ಮೂರನೇ ಗುಂಪು ಎಲ್ಲಿಗೂ ಬೇಡ ಅಂದರೆ ಏನು ಮಾಡೋಣ?' ಈ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಒಬ್ಬ ರೈತನ ಕೈಯಲ್ಲಿ ಇಲ್ಲ, ಸಂಘದ ಕೈಯಲ್ಲಿ ಇದೆ. 1971ರ ಕೀಟನಾಶಕ ನಿಯಮಗಳಲ್ಲೇ ಖಾಲಿ ಡಬ್ಬಿಗಳನ್ನು ಮತ್ತೆ ಬಳಕೆಯಾಗುವಂತೆ ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದು ಹೇಳಿದೆ. ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಬದುವಿನಲ್ಲಿ ಹೂಳುತ್ತ ಹೋದರೆ ಮುಂದೆ ಕೊಳವೆ ಬಾವಿಯ ಗತಿ ಏನು? ಬ್ರೆಜಿಲ್ ದೇಶದವರು 2000ದಲ್ಲಿ ಒಂದು ಕಾಯ್ದೆ ಮಾಡಿದರು. ರೈತ ತೊಳೆದು ತಂದು ಕೊಡಬೇಕು, ಮಾರಿದವರು ಜಾಗ ಕೊಡಬೇಕು, ತಯಾರಿಸಿದ ಕಂಪನಿ ಒಯ್ಯಬೇಕು. ಅಲ್ಲಿ ಈಗ ಇಂಥ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮರಳಿ ಬರುತ್ತವೆ.

ಅಷ್ಟು ದೂರ ಯಾಕೆ? ಹಾಲಿನ ಕ್ಯಾನು ದಿನಾ ಹೋಗಿ ದಿನಾ ಬರುತ್ತದೆ. ಗ್ಯಾಸಿನ ಸಿಲಿಂಡರು ಖಾಲಿ ಕೊಟ್ಟರೇ ತುಂಬಿದ್ದು ಸಿಗುತ್ತದೆ. ಹಿಂದೆ ಸೋಡಾ ಬಾಟಲಿ ಒಡೆದರೆ ಅಂಗಡಿಯವ ರೊಕ್ಕ ಹಿಡಿಯುತ್ತಿದ್ದ. ಎಣಿಸಿ ಕೊಟ್ಟದ್ದು ಎಣಿಸಿ ಬರುತ್ತದೆ. ವಿಷದ ಡಬ್ಬಿಯನ್ನು ಮಾತ್ರ ನಾವು ಎಣಿಸುವುದಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ನಮ್ಮ ಸೂಚನೆ ಇದು. ಮುಂದಿನ ಸರ್ವ ಸಾಧಾರಣ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕು. ಸಂಘದ ಗೋದಾಮಿನ ಹೊರಗೆ, ಮಕ್ಕಳ ಕೈಗೆ ಸಿಗದ ಹಾಗೆ, ಬೀಗ ಇರುವ ಒಂದು ತಗಡಿನ ಕೋಣೆ ಆಗಲಿ. ಸದಸ್ಯರು ಮೂರು ಸಲ ತೊಳೆದು ಸೀಳಿದ ಡಬ್ಬಿಯನ್ನು ಅಲ್ಲಿ ತಂದು ಹಾಕಲಿ. ಒಂದು ಪಟ್ಟಿಯಲ್ಲಿ ಎಷ್ಟು ಬಂದವು ಎಂದು ಬರೆಯಲಿ. ವರ್ಷಕ್ಕೆ ಎರಡು ಸಲ, ಚಾಟ್ನಿ ಹಂಗಾಮು ಮುಗಿದ ಮೇಲೆ, ಔಷಧ ಕಂಪನಿಯವರನ್ನೂ ಕೃಷಿ, ತೋಟಗಾರಿಕೆ ಇಲಾಖೆಯವರನ್ನೂ ಪಂಚಾಯತಿಯವರನ್ನೂ ಕೂಡಿಸಿ, ಅವುಗಳನ್ನು ಕಾಯ್ದೆಯ ಪ್ರಕಾರ ಸಾಗಿಸುವ ವ್ಯವಸ್ಥೆ ಕೇಳಲಿ. ಒಬ್ಬ ರೈತ ಕೇಳಿದರೆ 'ನೋಡೋಣ' ಅಂತಾರೆ. ಸಂಘ ಬರೆದು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ಸಂಘಶಕ್ತಿ ಎಂದರೆ ಸಾಲ ತೆಗೆಯುವುದು, ಗೊಬ್ಬರ ಹಂಚುವುದು ಇಷ್ಟೇ ಅಲ್ಲ. 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟದವರು ಏಳನೆಯ ತತ್ವವೆಂದು ಒಪ್ಪಿದ್ದೇ ಸಮುದಾಯದ ಕಾಳಜಿ.

ಜೊತೆಗೆ ಇನ್ನೊಂದು ಸಣ್ಣ ಕೆಲಸ. ಊರಿನ ಮದುವೆ, ಜಾತ್ರೆಗಳಲ್ಲಿ ಖಾಲಿಯಾಗುವ ಅಡುಗೆ ಎಣ್ಣೆಯ ತಗಡಿನ ಡಬ್ಬಿಗಳನ್ನು ಮಹಿಳಾ ಸ್ವಸಹಾಯ ಗುಂಪಿನವರು ಕೂಡಿಸಿ, ಸುಣ್ಣ ಬಳಿದು, ಮಣ್ಣು ತುಂಬಿ, ಒಂದೊಂದು ಮೆಣಸಿನ ಸಸಿ ಹಚ್ಚಿ ಮನೆಮನೆಗೆ ಕೊಡಲಿ. ಸುಣ್ಣ ಬಳಿದ ಬಿಳಿ ಡಬ್ಬಿ ಕಂಡರೆ ಇದು ತಿನ್ನುವ ಎಣ್ಣೆಯದು ಎಂದು ಊರಿಗೆಲ್ಲ ಗೊತ್ತಾಗಲಿ. ಮಾತಿನಲ್ಲೂ ಒಂದು ತಿದ್ದುಪಡಿ ಮಾಡೋಣ. ಇಂದಿನಿಂದ ತೋಟಕ್ಕೆ ಹೊಡೆಯುವುದನ್ನು ಎಣ್ಣಿ ಅನ್ನುವುದು ಬೇಡ, ಔಷಧ ಅನ್ನುವುದೂ ಬೇಡ. ವಿಷ ಎಂದೇ ಕರೆಯೋಣ. 'ವಿಷದ ಡಬ್ಬಿ ಎಲ್ಲಿಟ್ಟಿ?' ಎಂದು ಕೇಳುವ ಮನೆಯಲ್ಲಿ ಅದರಲ್ಲಿ ಯಾರೂ ಮಜ್ಜಿಗೆ ತುಂಬುವುದಿಲ್ಲ.